ಚಿನ್ನದ ಕಂಪೆನಿಗಳ ಆಹ್ವಾನಪತ್ರಗಳು: ಆಕರವಿಮರ್ಶೆಯ ದೃಷ್ಟಿಯಿಂದ ಒಂದು ಪರಿಶೀಲನೆ

ತಾಮ್ರಪಟವೊಂದು ಕೈಗೆ ಬಂದರೆ ಅದರ ಲಿಪಿ ಯಾವ ಕಾಲದ್ದು, ತಿಥಿವಾರಗಳು ಹೊಂದುತ್ತವೆಯೆ, ವಂಶಾವಳಿಯು ಇತರ ಶಾಸನಗಳಿಗೆ ವಿರುದ್ಧವಾಗಿದೆಯೆ ಎಂಬುದನ್ನು ನೋಡಿ, ಅದು ನಿಜವಾದ ದತ್ತಿಶಾಸನವೋ ಕೂಟಶಾಸನವೋ ಎಂದು ನಿರ್ಣಯಿಸುವ ಕ್ರಮವನ್ನು ಚರಿತ್ರೆಯ ವಿದ್ಯಾರ್ಥಿಗಳು ಮೊದಲಿಗೇ ಕಲಿಯುತ್ತಾರೆ. ಗಂಗರ ತಾಮ್ರಪಟಗಳನ್ನು ಕುರಿತು ಫ್ಲೀಟ್ ಮತ್ತು ರೈಸ್ ಎಂಬ ವಿದ್ವಾಂಸರ ನಡುವೆ ನಡೆದ ದೀರ್ಘವಾದವು ಈ ಕ್ರಮಕ್ಕೆ ನಮ್ಮ ನಾಡಿನ ಪ್ರಸಿದ್ಧ ನಿದರ್ಶನ. ಆದರೆ ವಾಣಿಜ್ಯದ ಕಾಗದಪತ್ರಗಳಿಗೆ ಬಂದೊಡನೆ ಈ ಎಚ್ಚರ ಸಡಿಲವಾಗುವುದುಂಟು. ಅಚ್ಚಿನಲ್ಲಿ ಮೂಡಿದ ಅಂಕಿಗೆ ಶಾಸನದ ಶ್ಲೋಕಕ್ಕಿಲ್ಲದ ಗೌರವವನ್ನು ನಾವು ಸಲ್ಲಿಸುತ್ತೇವೆ.

ಅಂಥ ಕಾಗದಪತ್ರಗಳಲ್ಲಿ ಒಂದು ಬಗೆಯನ್ನು ಮಾತ್ರ ಇಲ್ಲಿ ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ. ಚಿನ್ನವನ್ನು ಹುಡುಕಲು ಹೊರಟ, ಆದರೆ ಇನ್ನೂ ಚಿನ್ನವನ್ನು ತೆಗೆಯದಿರುವ ಕಂಪೆನಿಯು, ತನ್ನ ಷೇರುಗಳನ್ನು ಕೊಳ್ಳಿರೆಂದು ಜನರನ್ನು ಕೋರುವ ಪತ್ರ ಇದು. 1880ರ ಲಂಡನ್ನಿನಲ್ಲಿ ಇದಕ್ಕೆ ಪ್ರಾಸ್ಪೆಕ್ಟಸ್ ಎಂದು ಹೆಸರಿತ್ತು; ಪತ್ರಿಕೆಗಳಲ್ಲಿ ಜಾಹೀರಾತಾಗಿ ಅದು ಪ್ರಕಟವಾಗುತ್ತಿತ್ತು. ಇಂದು ಅದರ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತಿರುವುದು ಟೊರಾಂಟೊ, ವ್ಯಾಂಕೂವರ್ ಮುಂತಾದ ನಗರಗಳಲ್ಲಿ ಹೂಡಿಕೆದಾರರ ಮುಂದೆ ಪರದೆಯ ಮೇಲೆ ತೋರಿಸುವ ಪ್ರೆಸೆಂಟೇಷನ್. ಅಲ್ಲಿ ಇಂಥ ಕಂಪೆನಿಗಳನ್ನು 'ಜೂನಿಯರ್' ಕಂಪೆನಿಗಳೆಂದು ಕರೆಯುವುದು ವಾಡಿಕೆ. ಗಣಿಯಿಂದ ಅವುಗಳಿಗೆ ಆದಾಯವಿಲ್ಲ. ಷೇರು ಮಾರಿ ಬಂದ ಹಣದಿಂದ ನೆಲ ಕೊರೆಯಬೇಕು. ಕೊರೆತದ ವಾರ್ತೆಯಿಂದ ಮತ್ತೆ ಷೇರು ಮಾರಬೇಕು. ಹೀಗಾಗಿ ಆಹ್ವಾನಪತ್ರವೆಂಬುದು ಅವುಗಳ ಪಾಲಿಗೆ ಬರಿಯ ಪ್ರಕಟಣೆಯಲ್ಲ, ಜೀವನೋಪಾಯ.

ಈ ಪತ್ರವನ್ನು ಓದುವುದಕ್ಕೆ ಶಾಸನಶಾಸ್ತ್ರದ ಒಂದು ಸಾಮಾನ್ಯ ವಿವೇಕವೇ ಸಾಕಷ್ಟು ನೆರವಾಗುತ್ತದೆ. ದತ್ತಿಶಾಸನದಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಪ್ರಶಸ್ತಿ, ಅಲ್ಲಿ ಅರಸನು ಸಮುದ್ರಾಂತ ಭೂಮಿಯನ್ನು ಗೆದ್ದಿರುತ್ತಾನೆ. ಎರಡನೆಯದು ದತ್ತಿಯ ಭಾಗ. ಯಾರು, ಯಾರಿಗೆ, ಯಾವ ಹೊಲವನ್ನು, ಯಾವ ಎಲ್ಲೆಗಳೊಳಗೆ, ಯಾವ ತೆರಿಗೆಗಳ ವಿನಾಯಿತಿಯೊಡನೆ ಕೊಟ್ಟರು ಎಂಬುದು ಅಲ್ಲಿದೆ. ಅನುಭವಿಯಾದ ಚರಿತ್ರಕಾರನು ಎರಡನೆಯ ಭಾಗವನ್ನು ಮೊದಲು ಓದುತ್ತಾನೆ. ಚಿನ್ನದ ಆಹ್ವಾನಪತ್ರದಲ್ಲಿಯೂ ಹಾಗೆಯೇ. ನೆಲದಲ್ಲಿ ಎಷ್ಟು ಚಿನ್ನವಿದೆಯೆಂಬುದು ಪ್ರಶಸ್ತಿ. ನೆಲವನ್ನು ಯಾರು ಯಾರಿಗೆ ಎಷ್ಟಕ್ಕೆ ಮಾರಿದರು, ಕೂಡಿಸುವ ಹಣದಲ್ಲಿ ಎಷ್ಟು ಭಾಗ ನೆಲದೊಳಕ್ಕೆ ಹೋಗುತ್ತದೆ ಎಂಬುದು ದತ್ತಿ.

ಈ ವಿಭಾಗವನ್ನು ದಕ್ಷಿಣ ಭಾರತದ ಚಿನ್ನದ ಕಂಪೆನಿಗಳ ಮೊದಲ ಅಲೆಗೆ ಅನ್ವಯಿಸಿ ನೋಡಬಹುದು. ನೀಲಗಿರಿಗೆ ಹೊಂದಿದ ಆಗ್ನೇಯ ವೈನಾಡಿನಲ್ಲಿ, ದೇವಾಲ, ಪಂದಲೂರುಗಳ ಸುತ್ತ, ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿರುವುದು ಹಿಂದಿನಿಂದಲೂ ಸ್ಥಳೀಯರಿಗೆ ತಿಳಿದಿತ್ತು. ಅವರ ಹಳೆಯ ತೋಡುಗಳು ಅಲ್ಲಲ್ಲಿ ಕಾಣುತ್ತಿದ್ದುವು. ಭೂವೈಜ್ಞಾನಿಕ ಸರ್ವೇಕ್ಷಣದ ವಿಲಿಯಂ ಕಿಂಗ್ 1875ರಲ್ಲಿ ಇದನ್ನು ಕುರಿತು ವರದಿ ಮಾಡಿದರು. ತರುವಾಯ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಗಣಿಗಳ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಬ್ರೋ ಸ್ಮಿತ್ ಅವರನ್ನು ಸರಕಾರವೇ ಕರೆಯಿಸಿತು. 1880ರ ಅವರ ವರದಿಯು ಬಹಳ ಆಶಾದಾಯಕವಾಗಿತ್ತು. ವರದಿ ಹೊರಬೀಳುವ ಹೊತ್ತಿಗಾಗಲೇ ಲಂಡನ್ನಿನಲ್ಲಿ ಉನ್ಮಾದ ಹಬ್ಬಿತ್ತು. 1879ರ ಕೊನೆಯಿಂದ ಮೊದಲ್ಗೊಂಡು ಸುಮಾರು ಎರಡು ವರ್ಷಗಳಲ್ಲಿ ಭಾರತದ ಚಿನ್ನಕ್ಕಾಗಿ ಸುಮಾರು 40 ಕಂಪೆನಿಗಳು ಇಂಗ್ಲೆಂಡಿನಲ್ಲಿ ನೋಂದಣಿಯಾದುವು; ಅವುಗಳ ನಾಮಮಾತ್ರ ಬಂಡವಾಳವು ಸುಮಾರು 50 ಲಕ್ಷ ಪೌಂಡುಗಳಷ್ಟಿತ್ತು. ಬಹುಪಾಲು ವೈನಾಡಿನವು.

ಈ ಕಂಪೆನಿಗಳ ಪ್ರಶಸ್ತಿಭಾಗದಲ್ಲಿ ಸುಳ್ಳನ್ನು ಹುಡುಕಿದರೆ ನಮಗೆ ಹೆಚ್ಚೇನೂ ದೊರೆಯುವುದಿಲ್ಲ. ಬೆಣಚುಕಲ್ಲಿನ ಎಳೆಗಳು ನಿಜವಾಗಿಯೂ ಇದ್ದುವು. ಅವುಗಳಲ್ಲಿ ಚಿನ್ನವೂ ಇತ್ತು. ವರದಿಯು ಸರಕಾರದ್ದೇ ಆಗಿತ್ತು. ದತ್ತಿಯ ಭಾಗವನ್ನು ನೋಡಿದರೆ ಮಾತ್ರ ಕಥೆ ಬೇರೆ. 1870ರ ದಶಕದಲ್ಲಿ ಕೊರಕ ಹುಳುವಿನಿಂದಲೂ ಎಲೆರೋಗದಿಂದಲೂ ವೈನಾಡಿನ ಕಾಫಿತೋಟಗಳು ಸೊರಗಿದ್ದುವು. ಕಾಫಿಗೆ ಬೆಲೆ ಕೊಡದ ನೆಲ ಚಿನ್ನಕ್ಕೆ ಬೆಲೆ ಕೊಡುವುದಾದರೆ ತೋಟಗಾರನಿಗೆ ಅದಕ್ಕಿಂತ ಬೇಕಾದದ್ದೇನು? ತೋಟವನ್ನು ಮಧ್ಯವರ್ತಿಗಳ ಒಂದು ಕೂಟ ಕೊಳ್ಳುವುದು, ಅದೇ ತೋಟವನ್ನು ಆ ಕೂಟವು ತಾನೇ ಹುಟ್ಟಿಸಿದ ಕಂಪೆನಿಗೆ ಅನೇಕ ಪಾಲು ಹೆಚ್ಚಿನ ಬೆಲೆಗೆ ಮಾರುವುದು, ಬೆಲೆಯ ಒಂದಂಶವನ್ನು ಷೇರುಗಳಾಗಿಯೂ ಉಳಿದುದನ್ನು ನಗದಾಗಿಯೂ ಪಡೆಯುವುದು, ಇದು ಅಂದಿನ ಪದ್ಧತಿ. ಷೇರುದಾರನು ಗಣಿಗೆಂದು ಕೊಟ್ಟ ಹಣದ ದೊಡ್ಡ ಪಾಲು ಗಣಿಯ ಬಾಯನ್ನು ತಲಪುವ ಮೊದಲೇ ಮಾರಾಟಗಾರರಿಗೆ ಸಂದಿತ್ತು. ಮಿಕ್ಕ ಹಣದಲ್ಲಿ ಅದುರಿನ ಗುಣ ಸಿದ್ಧವಾಗುವುದಕ್ಕೆ ಮುಂಚೆಯೇ ಕಲ್ಲು ಕುಟ್ಟುವ ಭಾರಿ ಯಂತ್ರಗಳನ್ನು ತರಿಸಿದರು. ಕೆಲವೇ ವರ್ಷಗಳಲ್ಲಿ ಪಂದಲೂರಿನ ಸಡಗರ ಅಡಗಿ, ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದುವು. 1901ರಲ್ಲಿ ಹೇಡನ್ ಮತ್ತು ಹ್ಯಾಚ್ ಎಂಬ ಇಬ್ಬರು ತಜ್ಞರು ಕ್ರಮಬದ್ಧವಾಗಿ ಮಾದರಿಗಳನ್ನು ತೆಗೆದು ಪರೀಕ್ಷಿಸಿ, ಅಲ್ಲಿಯ ಚಿನ್ನವು ಖರ್ಚಿಗೆ ಗಿಟ್ಟುವಂತಹುದಲ್ಲವೆಂದು ತೀರ್ಮಾನಿಸಿದರು. ಕ್ರಮಬದ್ಧವಾದ ಮಾದರಿಯನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಂದಿನ ಕಾನೂನು ಓದುಗನಿಗೆ ಏನೂ ಸಹಾಯ ಮಾಡಿರಲಿಲ್ಲವೆಂದಲ್ಲ. 1867ರ ಇಂಗ್ಲಿಷ್ ಕಂಪೆನಿ ಶಾಸನದ 38ನೆಯ ಪ್ರಕರಣದಂತೆ, ಪ್ರವರ್ತಕರು ಮಾಡಿಕೊಂಡ ಕರಾರುಗಳ ತಾರೀಖನ್ನೂ ಕರಾರುದಾರರ ಹೆಸರುಗಳನ್ನೂ ಪ್ರಾಸ್ಪೆಕ್ಟಸ್ಸಿನಲ್ಲಿ ಕಾಣಿಸಬೇಕಾಗಿತ್ತು. ಕರಾರಿನ ಒಳಗಣ ಮೊತ್ತವನ್ನು ಕಾಣಿಸಬೇಕೆಂದು ಆ ಪ್ರಕರಣವು ಹೇಳಲಿಲ್ಲ. ಷೇರಿಗೆ ಅರ್ಜಿ ಹಾಕುವವನು ಈ ಪ್ರಕರಣದ ರಕ್ಷಣೆಯನ್ನು ತಾನಾಗಿ ಬಿಟ್ಟುಕೊಟ್ಟಿದ್ದಾನೆಂದು ಭಾವಿಸತಕ್ಕದ್ದೆಂಬ ಒಂದು ವಾಕ್ಯವನ್ನು ಸೇರಿಸುವ ಜಾಣ್ಮೆಯೂ ಆ ಕಾಲದಲ್ಲಿ ಬಳಕೆಗೆ ಬಂದಿತ್ತು. ಸುಳ್ಳು ಹೇಳಿಕೆಯ ಹೊಣೆಯ ವಿಷಯದಲ್ಲಿ 1889ರ ಡೆರಿ ಮತ್ತು ಪೀಕ್ ಮೊಕದ್ದಮೆಯು ನಿರ್ಣಾಯಕವಾದುದು. ಅದು ಚಿನ್ನದ ಮೊಕದ್ದಮೆಯಲ್ಲ, ಪ್ಲಿಮತ್ ನಗರದ ಟ್ರಾಮ್ ಕಂಪೆನಿಯೊಂದಕ್ಕೆ ಸೇರಿದ್ದು. ನಿರ್ದೇಶಕರು ತಾವು ಹೇಳಿದ್ದನ್ನು ಪ್ರಾಮಾಣಿಕವಾಗಿ ನಂಬಿದ್ದರೆ, ಆ ನಂಬಿಕೆಗೆ ತಕ್ಕ ಆಧಾರವಿಲ್ಲದಿದ್ದರೂ, ಅವರು ವಂಚನೆಗೆ ಗುರಿಯಾಗರೆಂದು ಪ್ರಭುಸಭೆಯು ತೀರ್ಪು ಕೊಟ್ಟಿತು. ಮರುವರ್ಷವೇ, 1890ರಲ್ಲಿ, ನಿರ್ದೇಶಕರ ಹೊಣೆಗಾರಿಕೆಯ ಶಾಸನವನ್ನು ತಂದು ಪಾರ್ಲಿಮೆಂಟು ಈ ಲೋಪವನ್ನು ಸರಿಪಡಿಸಿತು. ವೈನಾಡಿನ ಷೇರುದಾರರ ಹಣ ಆ ವೇಳೆಗೆ ಕರಗಿಹೋಗಿತ್ತು.

ಇನ್ನು ಕೋಲಾರದ ವಿಷಯ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಊರಿಗಾಂ, ಮಾರಿಕುಪ್ಪಂ ಕಡೆಯ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನೂ, ತೋಡುಗಳೊಳಗಿನಿಂದ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ತಂದು ಹೆಂಗಸರು ಅದನ್ನು ಕುಟ್ಟಿ ಪುಡಿಮಾಡುವುದನ್ನೂ ಕಂಡು ಬರೆದಿಟ್ಟರು. ನ್ಯೂಜಿಲೆಂಡಿನ ಯುದ್ಧದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಲವೆಲ್ ಎಂಬ ಐರಿಷ್ ಸೈನಿಕನು ಇದನ್ನು ಓದಿ, 1873ರಲ್ಲಿ ಗಣಿಯ ಹಕ್ಕಿಗಾಗಿ ಸರಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಊರಿಗಾಮಿನ ಹತ್ತಿರ ಒಂದು ಬಾವಿಯನ್ನು ತೋಡಿದನು. ಹಣ ಸಾಲದೆ ಹಕ್ಕು ಜನರಲ್ ಬೆರೆಸ್‌ಫರ್ಡ್ ಮತ್ತು ಅವರ ಗೆಳೆಯರ ಕೈಗೆ ಹೋಯಿತು. ಮೈಸೂರು ಗಣಿ ಕಂಪೆನಿಯು 1880ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ವೈನಾಡಿನ ಕಂಪೆನಿಗಳು ಹುಟ್ಟಿದ ಮಾರುಕಟ್ಟೆಯಲ್ಲಿಯೇ, ಅದೇ ಉನ್ಮಾದದ ನಡುವೆ ಇದೂ ಹುಟ್ಟಿತೆಂಬುದನ್ನು ನೆನಪಿನಲ್ಲಿಡಬೇಕು.

ಮೊದಲ ಎರಡು ಮೂರು ವರ್ಷಗಳಲ್ಲಿ ಕೋಲಾರವೂ ವೈನಾಡಿನ ದಾರಿಯನ್ನೇ ಹಿಡಿದಿತ್ತು. ಕಂಪೆನಿಗಳ ಹಣ ಮುಗಿಯುತ್ತ ಬಂದಿತು. ಮೈಸೂರು ಕಂಪೆನಿಯ ಕೈಯಲ್ಲಿ ಸುಮಾರು 13,000 ಪೌಂಡು ಉಳಿದಿತ್ತು. ಇದನ್ನು ಹಂಚಿಕೊಂಡು ಕಂಪೆನಿಯನ್ನು ಮುಚ್ಚುವುದೇ ಲೇಸೆಂಬುದು ಷೇರುದಾರರಲ್ಲಿ ಹಲವರ ಅಭಿಪ್ರಾಯ. ಜಾನ್ ಟೇಲರ್ ಮತ್ತು ಮಕ್ಕಳು ಎಂಬ ವ್ಯವಸ್ಥಾಪಕ ಸಂಸ್ಥೆಯವರ ಒತ್ತಾಯದ ಮೇಲೆ, ಬಿಸಿಯಾದ ಚರ್ಚೆಯ ತರುವಾಯ, ಉಳಿದ ಹಣವನ್ನು ಇನ್ನೊಂದು ಪ್ರಯತ್ನಕ್ಕೆ ತೊಡಗಿಸುವುದೆಂದು ನಿಶ್ಚಯವಾಯಿತು. (ಗಣಿ ನಡೆದರೆ ಮಾತ್ರ ಟೇಲರ್ ಸಂಸ್ಥೆಗೂ ಸಂಭಾವನೆ, ಆ ಸಲಹೆ ನಿಸ್ವಾರ್ಥವಾದುದೆಂದು ತಿಳಿಯಬೇಕಾಗಿಲ್ಲ.) 1883ರ ಸುಮಾರಿಗೆ ಕ್ಯಾಪ್ಟನ್ ಪ್ಲಮರ್ ಎಂಬ ಗಣಿಗಾರನನ್ನು ಕಳುಹಿಸಿದರು. ಮಾರಿಕುಪ್ಪದ ಹಳೆಯ ತೋಡುಗಳ ಕೆಳಗೆ ಇಳಿದಾಗ, ಮುಂದೆ ಚಾಂಪಿಯನ್ ಎಂದು ಹೆಸರಾದ ಅದುರಿನ ಎಳೆ ದೊರೆಯಿತು. ಆ ಬಳಿಕ ನಡೆದುದು ಎಲ್ಲರಿಗೂ ತಿಳಿದಿರುವ ಚರಿತ್ರೆ: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ಮುಟ್ಟಿತು, ಬಾವಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದುವು, 2001ರ ಫೆಬ್ರವರಿ 28ರಂದು ಮುಚ್ಚುವ ತನಕ ಸುಮಾರು 5 ಕೋಟಿ ಟನ್ ಅದುರಿನಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು.

ಇಲ್ಲಿ ನಮ್ಮ ಚರಿತ್ರಕಾರರಲ್ಲಿ ಸಾಮಾನ್ಯವಾದ ಒಂದು ಪ್ರವೃತ್ತಿಯನ್ನು ಕುರಿತು ಹೇಳದೆ ಇರಲಾಗದು. ಕೋಲಾರದ ಕಥೆಯನ್ನು ಬರೆಯುವವರು ವಾರನ್‌ನಿಂದ ಲವೆಲ್, ಲವೆಲ್‌ನಿಂದ ಟೇಲರ್ ಎಂದು ಒಂದು ಸರಳರೇಖೆಯನ್ನು ಎಳೆಯುತ್ತಾರೆ. ಚಿನ್ನವು ಕಾದು ಕುಳಿತಿತ್ತು, ದೂರದೃಷ್ಟಿಯುಳ್ಳವರು ಬಂದು ಅದನ್ನು ತೆಗೆದರು ಎಂಬಂತೆ. ವೈನಾಡನ್ನು ಮೋಸದ ಅಧ್ಯಾಯವೆಂದು ಪ್ರತ್ಯೇಕಿಸುತ್ತಾರೆ. ಆದರೆ 1881ರ ಓದುಗನ ಮುಂದೆ ಇದ್ದ ಸಾಕ್ಷ್ಯವಾವುದು? ಹಳೆಯ ತೋಡುಗಳು ಎರಡು ಕಡೆಯೂ ಇದ್ದುವು. ಪೂರ್ವಿಕರು ನೀರಿನ ತೊಂದರೆಯಿಂದ ನಿಲ್ಲಿಸಿದ ಕೆಲಸವನ್ನು ಪಂಪಿನ ನೆರವಿನಿಂದ ಆಳಕ್ಕೆ ಮುಂದುವರಿಸಬಹುದೆಂಬ ವಾದ ಎರಡಕ್ಕೂ ಸಲ್ಲುತ್ತಿತ್ತು. ಅದು ಒಂದು ಕಡೆ ನಿಜವಾಯಿತು, ಇನ್ನೊಂದು ಕಡೆ ಸುಳ್ಳಾಯಿತು. ಸರಕಾರಿ ತಜ್ಞನ ವಿಸ್ತಾರವಾದ ವರದಿಯ ಬೆಂಬಲವಿದ್ದದ್ದು ಸೋತ ವೈನಾಡಿಗೇ. ಪತ್ರವನ್ನು ಓದಿ ನೆಲದಲ್ಲಿ ಚಿನ್ನವಿದೆಯೆ ಇಲ್ಲವೆ ಎಂದು ಹೇಳುವುದು ಅಂದು ಯಾರಿಂದಲೂ ಸಾಧ್ಯವಿರಲಿಲ್ಲ, ಇಂದೂ ಸಾಧ್ಯವಿಲ್ಲ. ಮಾರಾಟಗಾರರಿಗೆ ಸಂದಾಯವಾದ ಮೇಲೆ ತೋಡುವುದಕ್ಕೆ ಎಷ್ಟು ಹಣ ಉಳಿಯುತ್ತದೆ, ಮೊದಲ ಪ್ರಯತ್ನ ವಿಫಲವಾದರೆ ಎರಡನೆಯದಕ್ಕೆ ಆಸ್ಪದವುಂಟೆ ಎಂಬುದನ್ನು ಮಾತ್ರ ಹೇಳಬಹುದು. ಆ 13,000 ಪೌಂಡು ಉಳಿದಿರದಿದ್ದರೆ ಮೈಸೂರು ಕಂಪೆನಿಯ ಪ್ರಾಸ್ಪೆಕ್ಟಸ್ಸನ್ನೂ ನಾವು ಇಂದು ಕೂಟಶಾಸನಗಳ ಸಾಲಿಗೆ ಸೇರಿಸುತ್ತಿದ್ದೆವೋ ಏನೋ.

ಈಗಿನ ಪ್ರೆಸೆಂಟೇಷನ್ನುಗಳ ರಚನೆಯು ಹಳೆಯದಕ್ಕಿಂತ ಹೆಚ್ಚು ದೂರ ಹೋಗಿಲ್ಲ. ಮೊದಲ ಹಾಳೆಯಲ್ಲಿ ಸಣ್ಣ ಅಕ್ಷರಗಳಲ್ಲಿ, ಇದರಲ್ಲಿರುವ ಭವಿಷ್ಯದ ಹೇಳಿಕೆಗಳನ್ನು ನಂಬಿ ಕೂರಬಾರದೆಂಬ ಎಚ್ಚರಿಕೆ. ಅಮೆರಿಕದಲ್ಲಿ 1995ರ ಶಾಸನವೊಂದು ಇಂಥ ಎಚ್ಚರಿಕೆಗೆ ಕಾನೂನಿನ ಆಶ್ರಯವನ್ನೇ ಕೊಟ್ಟಿದೆ. 38ನೆಯ ಪ್ರಕರಣವನ್ನು ಬಿಟ್ಟುಕೊಡಿಸುತ್ತಿದ್ದ ಹಳೆಯ ವಾಕ್ಯದ ಬಳಿ ಇದನ್ನಿಟ್ಟು ಓದಬಹುದು. ಬಳಿಕ ನಿರ್ದೇಶಕರ ಭಾವಚಿತ್ರಗಳು. ಬಳಿಕ ಭೂಪಟ, ಅದರಲ್ಲಿ ನೆರೆಯ ಪ್ರಸಿದ್ಧ ಗಣಿಯೊಂದು ದೊಡ್ಡ ಅಕ್ಷರದಲ್ಲಿ. ನೆರೆಮನೆಯವನ ಸಿರಿ ನಮ್ಮ ಮನೆಯ ಸಿರಿಯಾಗದೆಂಬುದು ಭೂಪಟದಿಂದ ತಿಳಿಯುವುದಿಲ್ಲ.

ಅನಂತರ ಬರುವುದು ಕೊರೆತದ ಫಲಿತಾಂಶಗಳು. 20 ಮೀಟರಿನುದ್ದಕ್ಕೆ ಟನ್ನಿಗೆ ಸರಾಸರಿ 5 ಗ್ರಾಂ ಚಿನ್ನವೆಂದು ಬರೆದಿದೆಯೆನ್ನೋಣ. ಅದರಲ್ಲಿ ಒಂದೇ ಮೀಟರಿನಲ್ಲಿ 91 ಗ್ರಾಂ ಇದ್ದು, ಉಳಿದ 19 ಮೀಟರುಗಳಲ್ಲಿ ಅರ್ಧ ಗ್ರಾಮಿಗೂ ಕಡಮೆ ಇದ್ದರೂ ಸರಾಸರಿ ಅದೇ ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಎರಡೂ ಒಂದೇ ಗಣಿಯಲ್ಲ. ಕೊರೆತವು ಎಳೆಯನ್ನು ಓರೆಯಾಗಿ ಸೀಳಿದರೆ ಅಗಲವೂ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೊರೆದ ರಂಧ್ರಗಳೆಷ್ಟು, ಹಾಳೆಯಲ್ಲಿ ಕಾಣಿಸಿರುವುವೆಷ್ಟು ಎಂಬುದನ್ನೂ ಎಣಿಸಬೇಕು. ನಿಕ್ಷೇಪದ ಮೊತ್ತವನ್ನು ಮಾಪಿತ, ಸೂಚಿತ, ಅನುಮಿತ ಎಂದು ಮೂರು ತರಗತಿಗಳಲ್ಲಿ ಹೇಳುವುದು ಈಗಿನ ಕ್ರಮ. ನಮ್ಮ ತಾರ್ಕಿಕರು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಮಾಡಿದ ಭೇದವನ್ನು ಬಲ್ಲ ಓದುಗನು, ದಪ್ಪ ಅಕ್ಷರದ ಅಂಕಿಯು ಕೊನೆಯ ತರಗತಿಗೆ ಸೇರಿದುದೆ ಎಂದು ಮೊದಲು ನೋಡಿಯಾನು. ದತ್ತಿಯ ಭಾಗವು ಹಿಂಬದಿಯ ಹಾಳೆಗಳಲ್ಲಿರುತ್ತದೆ: ಹೊರಡಿಸಿದ ಷೇರುಗಳೆಷ್ಟು, ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕುಪತ್ರಗಳೆಷ್ಟು, ಕೈಯಲ್ಲಿರುವ ನಗದೆಷ್ಟು, ಅದರಲ್ಲಿ ಕೊರೆತಕ್ಕೆಷ್ಟು, ಕಚೇರಿಗೂ ಸಂಬಳಕ್ಕೂ ಎಷ್ಟು.

ಆದರೆ ದತ್ತಿಯ ಭಾಗವನ್ನು ಓದಿದರೆ ಎಲ್ಲ ಮುಗಿಯಿತೆಂದು ತಿಳಿಯಲಾಗದು. 1990ರ ದಶಕದ ಬ್ರೆ-ಎಕ್ಸ್ ಪ್ರಕರಣವು ಇದಕ್ಕೆ ಸಾಕ್ಷಿ. ಕೆನಡದ ಕ್ಯಾಲ್ಗರಿ ನಗರದ ಈ ಕಿರಿಯ ಕಂಪೆನಿಯು ಇಂಡೊನೇಷ್ಯದ ಪೂರ್ವ ಕಾಲಿಮಂತಾನಿನಲ್ಲಿ, ಬುಸಾಂಗ್ ಎಂಬಲ್ಲಿ, ನೆಲವನ್ನು ನಿಜವಾಗಿಯೂ ಕೊರೆಯಿತು; ಹಣವು ನೆಲದೊಳಕ್ಕೆ ಹೋಯಿತು. 1995ರಲ್ಲಿ 3 ಕೋಟಿ ಔನ್ಸು ಎಂದಿದ್ದ ನಿಕ್ಷೇಪದ ಅಂದಾಜು 1997ರ ಮೊದಲಲ್ಲಿ 7 ಕೋಟಿ ಔನ್ಸಿಗೆ ಏರಿತು. ಇದು ಸುಮಾರು 2,200 ಟನ್. ಕೋಲಾರವು 120 ವರ್ಷಗಳಲ್ಲಿ ಕೊಟ್ಟುದರ ಎರಡೂವರೆ ಪಾಲಿಗೂ ಮಿಗಿಲು. ಕಂಪೆನಿಯ ಷೇರುಗಳ ಒಟ್ಟು ಬೆಲೆ 600 ಕೋಟಿ ಕೆನಡ ಡಾಲರುಗಳನ್ನು ಮುಟ್ಟಿತು. 1997ರ ಮಾರ್ಚಿ 19ರಂದು ಅಲ್ಲಿಯ ಭೂವಿಜ್ಞಾನಿ ಮೈಕೇಲ್ ಡೆ ಗುಜ್ಮನ್ ಹೆಲಿಕಾಪ್ಟರಿನಿಂದ ಬಿದ್ದು ಮೃತನಾದನು. ಒಂದು ವಾರದ ಮೇಲೆ, ಸಹಭಾಗಿಯಾಗಲಿದ್ದ ಫ್ರೀಪೋರ್ಟ್ ಕಂಪೆನಿಯು ತಾನು ಸ್ವತಂತ್ರವಾಗಿ ಕೊರೆದಾಗ ಅತ್ಯಲ್ಪ ಚಿನ್ನ ಮಾತ್ರ ಕಂಡಿತೆಂದು ತಿಳಿಸಿತು. ಮೇ ತಿಂಗಳ ಮೊದಲಲ್ಲಿ ಸ್ಟ್ರಾತ್‌ಕೋನ ಎಂಬ ತಜ್ಞಸಂಸ್ಥೆಯು, ಮಾದರಿಗಳಲ್ಲಿ ಹೊರಗಿನ ಚಿನ್ನವನ್ನು ಬೆರೆಸಲಾಗಿತ್ತೆಂದು ನಿರ್ಣಯಿಸಿತು. ನಷ್ಟ ಹೊಂದಿದವರಲ್ಲಿ ಒಂಟೇರಿಯೊ ಪ್ರಾಂತದ ಶಿಕ್ಷಕರ ನಿವೃತ್ತಿನಿಧಿಯೂ ಸೇರಿತ್ತು.

ಇಲ್ಲಿ ಬೇಕಾಗಿದ್ದುದು ಗ್ರಂಥಸಂಪಾದಕನ ಪ್ರಶ್ನೆ: ಮೂಲಪ್ರತಿ ಎಲ್ಲಿದೆ? ನೆಲದಿಂದ ಹಾಳೆಯ ತನಕ ಪಾಠವು ಯಾರ ಯಾರ ಕೈಗಳನ್ನು ದಾಟಿ ಬಂದಿತು? ಕೊರೆತದಲ್ಲಿ ದೊರೆಯುವ ಕಲ್ಲಿನ ದಿಂಡನ್ನು ಉದ್ದುದ್ದನಾಗಿ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳುಹಿಸಿ, ಇನ್ನರ್ಧವನ್ನು ಮುಂದಿನ ತಪಾಸಣೆಗಾಗಿ ಕಾದಿಡುವುದು ಗಣಿಗಾರರ ವಾಡಿಕೆ. ಬುಸಾಂಗಿನಲ್ಲಿ, ಕೆಲವು ತುಂಡುಗಳ ಹೊರತು, ದಿಂಡನ್ನೆಲ್ಲ ಪುಡಿಮಾಡಿದರು. ಚಿನ್ನದ ಕಣಗಳು ದಪ್ಪವಾಗಿರುವುದರಿಂದ ಹಾಗೆ ಮಾಡಬೇಕೆಂಬ ಸಮಾಧಾನವನ್ನೂ ಹೇಳಿದರು. ಮೂಲಪ್ರತಿಯನ್ನು ನಾಶಮಾಡಿ ನಕಲನ್ನು ಮಾತ್ರ ಮುಂದಿಡುವವನ ಗ್ರಂಥವನ್ನು ನಮ್ಮಲ್ಲಿ ಯಾರೂ ಪ್ರಮಾಣವೆಂದು ಒಪ್ಪುವುದಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಆ ಕಣಗಳ ಆಕಾರ. ಬಂಡೆಯೊಳಗಿನಿಂದ ಆಗತಾನೆ ಬಿಡಿಸಿದ ಚಿನ್ನದ ಕಣವು ಒರಟಾಗಿರುತ್ತದೆ. ಹೊಳೆಯಲ್ಲಿ ಉರುಳಿ ಬಂದುದು ದುಂಡಾಗಿರುತ್ತದೆ. ಬುಸಾಂಗಿನ ಮಾದರಿಗಳಲ್ಲಿ ದುಂಡು ಕಣಗಳಿದ್ದುವೆಂಬುದು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಮೊದಲೇ ಕಂಡುಬಂದಿತ್ತು. ಅದಕ್ಕೂ ಒಂದು ವಿವರಣೆಯನ್ನು ಕೊಟ್ಟು ಮುಂದುವರಿದರು. ಧಾರವಾಡ ಸೀಮೆಯ ಹಳ್ಳಗಳಲ್ಲಿ ಮರಿಗೆ ಹಿಡಿದು ಮರಳು ತೊಳೆಯುತ್ತಿದ್ದ ಜಾಲಗಾರನು ಟೊರಾಂಟೊದ ಪೇಟೆಯಲ್ಲಿದ್ದಿದ್ದರೆ, ಇದು ಹೊಳೆಯ ಚಿನ್ನವೆಂದು ನೋಡಿದೊಡನೆ ಹೇಳುತ್ತಿದ್ದನು.

ಈ ಪ್ರಕರಣದ ಫಲವಾಗಿ ಕೆನಡದಲ್ಲಿ ಹೊಸ ನಿಯಮವು 2001ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಕೋಲಾರದ ಗಣಿಗಳು ಮುಚ್ಚಿದ್ದೂ ಅದೇ ತಿಂಗಳಿನಲ್ಲಿ. ನಿಕ್ಷೇಪದ ಅಂಕಿಗಳಿಗೆ ಅರ್ಹತೆಯುಳ್ಳ ತಜ್ಞನೊಬ್ಬನು ತನ್ನ ಹೆಸರಿನಲ್ಲಿ ಹೊಣೆಯಾಗಬೇಕು, ಮಾದರಿಗಳನ್ನು ಹೇಗೆ ತೆಗೆದು ಹೇಗೆ ಕಾಯ್ದರೆಂಬುದನ್ನು ವರದಿಯಲ್ಲಿ ವಿವರಿಸಬೇಕು ಎಂದು ಅದು ವಿಧಿಸುತ್ತದೆ. ಪಾಠಪರಂಪರೆಯ ಪ್ರಶ್ನೆಗೆ ಇದು ಬಹುಮಟ್ಟಿನ ಉತ್ತರ. ಕೂಡಿಸಿದ ಹಣದಲ್ಲಿ ಇಂತಿಷ್ಟು ನೆಲಕ್ಕೆ ಹೋಗಲೇಬೇಕೆಂದು ಅದು ಹೇಳುವುದಿಲ್ಲ. ಅದನ್ನು ಓದುಗನೇ ಲೆಕ್ಕಹಾಕಬೇಕು.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಇಂಗ್ಲೆಂಡಿನಲ್ಲಿ ನೋಂದಣಿಯಾಗಿ ಅಳಿದುಹೋದ ಕಂಪೆನಿಗಳ ಕಡತಗಳಲ್ಲಿ ಉಳಿದುಬಂದವು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ, ವಾಣಿಜ್ಯ ಮಂಡಲಿಯ 31ನೆಯ ಶ್ರೇಣಿಯಲ್ಲಿವೆ. ಅಂಥ ಕಡತಗಳಲ್ಲಿ ಷೇರುದಾರರ ಪಟ್ಟಿ, ಅವರ ಊರು, ಉದ್ಯೋಗಗಳು ದೊರೆಯುವುದುಂಟು. ವೈನಾಡಿನ ಒಂದು ಕಂಪೆನಿಯನ್ನೂ ಕೋಲಾರದ ಒಂದು ಕಂಪೆನಿಯನ್ನೂ ತೆಗೆದುಕೊಂಡು, ಮಾರಾಟಗಾರರ ಹೆಸರುಗಳನ್ನು ನಿರ್ದೇಶಕರ ಹೆಸರುಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ಎಂ.ಎ. ತರಗತಿಯ ವಿದ್ಯಾರ್ಥಿಯೂ ಕೈಗೊಳ್ಳಬಹುದು.